ಕಾಫಿ ಬೀಜ ಬಿದ್ದ ಮಗ್ಗುಲು

ಮದುವೆ ಛತ್ರದ ಬಾಗಿಲಲ್ಲಿ ನಿಂತು ನಾನು ಚಪ್ಪಲಿ ಎಣಿಸುತ್ತೇನೆ. ಕದಿಯುವುದಕ್ಕಲ್ಲ, ಹೆದರಬೇಡಿ. ಊಟದ ಅವಸರದಲ್ಲಿ ಕಾಲಿಂದ ಕೊಡವಿ ಬಿಟ್ಟ ಚಪ್ಪಲಿಗಳಲ್ಲಿ ಎಷ್ಟು ನೆಟ್ಟಗೆ ಕೂತಿವೆ, ಎಷ್ಟು ಮಗುಚಿ ಬಿದ್ದಿವೆ ಎಂದು ನೋಡುವುದಕ್ಕೆ. ಹೋದ ತಿಂಗಳು ಕುಶಾಲನಗರದ ಒಂದು ಮದುವೆಯಲ್ಲಿ ಹೀಗೆ ಬಗ್ಗಿ ಎಣಿಸುತ್ತಿದ್ದಾಗ ಹೆಣ್ಣಿನ ಕಡೆಯ ಒಬ್ಬರು ಬಂದು ಬಹಳ ಮರ್ಯಾದೆಯಿಂದ, "ನಿಮ್ದು ಯಾವ ಬಣ್ಣದ್ದಮ್ಮಾ? ನಾನೂ ಹುಡುಕ್ತೀನಿ" ಎಂದರು. ನೂರ ಹನ್ನೆರಡರಲ್ಲಿ ಒಂಬತ್ತು ಮಗುಚಿವೆ ಎಂಬ ಮಾತು ತುದಿನಾಲಿಗೆಗೆ ಬಂದಿತ್ತು. ತಡೆದುಕೊಂಡು "ಕಪ್ಪು" ಎಂದೆ. ಪಾಪ, ಸುಮಾರು ಹೊತ್ತು ಹುಡುಕಿದರು. ನನ್ನ ಚಪ್ಪಲಿ ನನ್ನ ಕಾಲಲ್ಲೇ ಇತ್ತು.

ಇದೊಂದು ಚಟ. ಎರಡು ಮಗ್ಗುಲೂ ಬೇರೆಬೇರೆ ಇರುವ ಯಾವ ವಸ್ತು ಕೈಗೆ ಸಿಕ್ಕರೂ ಅದನ್ನು ಎಸೆದು ಯಾವ ಮಗ್ಗುಲಿಗೆ ಬೀಳುತ್ತದೆ ಎಂದು ನೋಡದಿದ್ದರೆ ನನಗೆ ಸಮಾಧಾನವಿಲ್ಲ. ಸೋಡಾ ಬಾಟಲಿಯ ಮುಚ್ಚಳ, ಚಮಚ, ಹಲಸಿನ ಬೀಜ, ಒಮ್ಮೆ ನಮ್ಮ ಯಜಮಾನರ ಹಲ್ಲಿನ ಸೆಟ್ಟು. ಆ ಹಲ್ಲಿನ ಸೆಟ್ಟಿನ ಪ್ರಯೋಗ ಆರನೇ ಸಲಕ್ಕೆ ನಿಂತುಹೋಯಿತು, ಕಾರಣ ಹೇಳಬೇಕಾಗಿಲ್ಲ. ನಾಣ್ಯ ಮಾತ್ರ ನನಗೆ ರುಚಿಸುವುದಿಲ್ಲ. ಅದು ಎರಡರಲ್ಲಿ ಒಂದು ಸಲ ತಲೆ ಬೀಳುತ್ತದೆ ಎಂದು ಎಸೆಯುವ ಮೊದಲೇ ಎಲ್ಲರಿಗೂ ಗೊತ್ತು. ಚಮಚದ ವಿಷಯ ಹಾಗಲ್ಲ. ಅದನ್ನು ಎಸೆದೇ ನೋಡಬೇಕು, ಎಣಿಸಿಯೇ ತಿಳಿಯಬೇಕು. ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಆದರೆ ಈ ವಿದ್ಯೆ ನನಗೆ ಹತ್ತಿದ್ದು ಯಾವ ಕಾಲೇಜಿನಲ್ಲೂ ಅಲ್ಲ, ನಮ್ಮ ಮನೆಯ ಜಗಲಿಯ ಮೇಲೆ, ನಾಲ್ಕು ಕಾಫಿ ಬೀಜಗಳಿಂದ.

ಆಗ ಕೊಡಗು ಬೇರೆಯೇ ರಾಜ್ಯ. ನಮ್ಮ ಮನೆ ಶನಿವಾರಸಂತೆಯಿಂದ ಮೂರು ಮೈಲಿ. ನಮ್ಮವ್ವನ ತವರು ಆಲೂರಿನ ಹತ್ತಿರ, ಎಂದರೆ ಮೈಸೂರು ರಾಜ್ಯ. ಬಸ್ಸಿನಲ್ಲಿ ಕೂತರೆ ಮಧ್ಯಾಹ್ನದ ಊಟಕ್ಕೆ ಸೇರಬಹುದಾದ ಊರು. ಆದರೆ ನಮ್ಮಜ್ಜಿ, ಎಂದರೆ ಅಪ್ಪಯ್ಯನ ತಾಯಿ, ಅದನ್ನು ಹೇಳುತ್ತಿದ್ದ ವರಸೆ ಕೇಳಿದರೆ ಹಡಗು ಹತ್ತಬೇಕೇನೋ ಅನ್ನಿಸುತ್ತಿತ್ತು. "ಹೆಂಗಸ್ರು ಒಂದು ರಾಜ್ಯ ಬಿಟ್ಟು ಇನ್ನೊಂದು ರಾಜ್ಯಕ್ಕೆ ಹೋಗೋದು ಅಂದ್ರೆ ಏನ್ ಸುಮ್ನೆ ಮಾತಾ?" ಎನ್ನುತ್ತಿದ್ದಳು. ಗಡಿಯಲ್ಲಿ ಇದ್ದದ್ದು ಒಂದು ಕಲ್ಲು, ಅದಕ್ಕೆ ಒರಗಿ ಮಲಗಿದ ಒಂದು ಎಮ್ಮೆ.

ಅಜ್ಜಿಗೆ ನೇರವಾಗಿ ಬೇಡ ಎಂದು ಹೇಳುವ ಅಭ್ಯಾಸವಿರಲಿಲ್ಲ. ಅವಳ ಎಲೆಅಡಿಕೆ ಚೀಲದಲ್ಲಿ ನಾಲ್ಕು ಕಾಫಿ ಬೀಜಗಳಿದ್ದವು. ಬೇರೆ ಮನೆಗಳಲ್ಲಿ ಚೌಕಾಬಾರ ಆಡಲು ಕವಡೆ ಇರುತ್ತದಲ್ಲ, ನಮ್ಮಲ್ಲಿ ಕಾಫಿ ಬೀಜ. ಕಾಫಿ ಬೀಜವನ್ನು ನೀವು ನೋಡಿದ್ದೀರಿ. ಒಂದು ಮಗ್ಗುಲು ಚಪ್ಪಟೆ, ನಡುವೆ ಒಂದು ಗೆರೆ. ಇನ್ನೊಂದು ಮಗ್ಗುಲು ಉಬ್ಬಿದ ಬೆನ್ನು. ನಾಲ್ಕು ಬೀಜ ಹಾಕಿದಾಗ ಎಷ್ಟು ಗೆರೆ ಮೇಲೆ ಕಂಡವೋ ಅಷ್ಟು ಗರ. ಒಂದು, ಎರಡು, ಮೂರು. ನಾಲ್ಕೂ ಗೆರೆ ಕಂಡರೆ ಚೌಕ. ನಾಲ್ಕೂ ಬೆನ್ನು ತೋರಿಸಿದರೆ ಬಾರ, ಅದಕ್ಕೆ ಎಂಟು. ಬೀಜಗಳು ಕೈಬೆವರಿಗೆ ನುಣ್ಣಗಾಗಿ ಹೊಳೆಯುತ್ತಿದ್ದವು.

ಈ ಬೀಜಗಳು ಬರೀ ಆಟಕ್ಕಲ್ಲ. ಮನೆಯಲ್ಲಿ ಯಾರಿಗೆ ಏನು ಬೇಕಾದರೂ ಅಜ್ಜಿಯ ಮುಂದೆ ಕೂತು ಕೇಳಿಕೆ ಹಾಕಬೇಕು. ನಿಮಗೆ ಬೇಕಾದ ಎರಡು ಗರಗಳನ್ನು ಮೊದಲೇ ಹೇಳಬೇಕು. ಅಜ್ಜಿ ಬೀಜ ಹಾಕುತ್ತಾಳೆ, ಒಂದೇ ಸಲ. ಹೇಳಿದ ಎರಡರಲ್ಲಿ ಒಂದು ಬಿದ್ದರೆ ಆಗಲಿ ಎಂದರ್ಥ. ಇಲ್ಲದಿದ್ದರೆ ಮುಂದಿನ ವರ್ಷದವರೆಗೆ ಆ ಮಾತು ಎತ್ತುವ ಹಾಗಿಲ್ಲ. ಇದು ಅವಳ ಅತ್ತೆಯ ಕಾಲದಿಂದ ಬಂದ ಪದ್ಧತಿ.

ಎರಡು ಗರ ಎಂದರೆ ಎಲ್ಲರೂ ಕೇಳುತ್ತಿದ್ದದ್ದು ಚೌಕ ಮತ್ತು ಬಾರ. ಬೇರೆ ಕೇಳುವುದು ಯಾರಿಗೂ ತೋಚುತ್ತಲೇ ಇರಲಿಲ್ಲ. ಆಟದಲ್ಲಿ ಚೌಕ ಬಿದ್ದರೆ ಕುಣಿಯುವುದು, ಬಾರ ಬಿದ್ದರೆ ಕೂಗುವುದು, ಎರಡಕ್ಕೂ ಮತ್ತೊಂದು ಸಲ ಹಾಕುವ ಅವಕಾಶ. ಒಂದು ಬಿದ್ದರೆ ಮುಖ ಹುಳ್ಳಗಾಗುತ್ತಿತ್ತು. ಇಷ್ಟು ದೊಡ್ಡ ವಿಷಯ ಕೇಳುವಾಗ ದೇವರ ಮುಂದೆ ಹೋಗಿ ಒಂದು ಕೊಡು ಎನ್ನುವುದುಂಟೇ? ಅಪ್ಪಯ್ಯ ಒಂದು ಸೈಕಲ್ಲಿಗಾಗಿ ಮೂರು ವರ್ಷ ಚೌಕ, ಬಾರ ಕೇಳಿದರು. ನಾಲ್ಕನೇ ವರ್ಷ ಬಾರ ಬಿತ್ತು. ಸೈಕಲ್ಲು ಬಂತು. ಬಂದ ದಿನವೇ ಅಪ್ಪಯ್ಯ ಅದರ ಸಮೇತ ಗದ್ದೆಯ ಕಾಲುವೆಗೆ ಇಳಿದರು. "ಬೀಜ ಮೂರು ವರ್ಷ ಬ್ಯಾಡ ಬ್ಯಾಡ ಅಂತು, ಕೇಳಿದ್ಯಾ?" ಎಂದಳು ಅಜ್ಜಿ, ಅರಿಸಿನ ಹಚ್ಚುತ್ತಾ.

ನಮ್ಮವ್ವ ಕೇಳುತ್ತಿದ್ದದ್ದು ಒಂದೇ. ಶಿವರಾತ್ರಿಗೆ ತವರಿಗೆ ಹೋಗಿಬರಬೇಕು. ಶಿವರಾತ್ರಿ ಬರುವುದು ಕಾಫಿ ಒಣಗುವ ಹೊತ್ತಿಗೆ. ಕಣದಲ್ಲಿ ಹಣ್ಣು ಹರಡಿರುತ್ತದೆ, ದಿನಕ್ಕೆ ನಾಲ್ಕು ಸಲ ಕೈಯಾಡಿಸಬೇಕು, ಸಂಜೆ ಗುಡ್ಡೆ ಮಾಡಿ ಮುಚ್ಚಬೇಕು. ಅಜ್ಜಿಗೆ ಸೊಸೆಯ ಎರಡು ಕೈ ಬೇಕಿತ್ತು. ಅವ್ವ ಆರು ವರ್ಷ ಚೌಕ, ಬಾರ ಕೇಳಿದಳು. ಆರು ವರ್ಷವೂ ಬೀಳಲಿಲ್ಲ. ಪ್ರತಿ ಸಲವೂ ಸೆರಗಿನಿಂದ ಮುಖ ಒರೆಸಿಕೊಂಡು ಕಣಕ್ಕೆ ಹೋಗುತ್ತಿದ್ದಳು. ಏಳನೇ ವರ್ಷ, ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಆಲೂರಿನ ಕಡೆಯಿಂದ ಒಂದು ಕಾಗದ ಬಂತು. ಅಪ್ಪಯ್ಯ ಓದಿದರು. ಅವ್ವನ ತಾಯಿಗೆ ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದು ಮಂಜಾಗುತ್ತಿತ್ತು. ಇರುವ ಬೆಳಕಿನಲ್ಲೇ ಮಗಳ ಮುಖ, ಮೊಮ್ಮಗಳ ಮುಖ ಒಂದು ಸಲ ನೋಡಬೇಕಂತೆ.

ಕಾಗದ ಕೇಳಿ ಅಜ್ಜಿ "ಪಾಪ. ಶಿವರಾತ್ರಿ ಹತ್ರ ಬರ್ಲಿ, ಕೇಳಿಕೆ ಹಾಕೋಣ" ಎಂದಳು.

ಇಲ್ಲಿ ನಮ್ಮ ಪೊನ್ನಪ್ಪ ಮೇಷ್ಟ್ರ ವಿಷಯ ಹೇಳಲೇಬೇಕು. ಅವರು ಶೇಕಡಾ ಲೆಕ್ಕವನ್ನು ಪುಸ್ತಕದಿಂದ ಹೇಳಿಕೊಟ್ಟವರಲ್ಲ. ಶಾಲೆಯ ಮುಂದೆ ಬೆಳಿಗ್ಗೆ ಹತ್ತಕ್ಕೆ ಹಾಯಬೇಕಾದ ಸೋಮವಾರಪೇಟೆಯ ಬಸ್ಸು ಎಷ್ಟು ದಿನ ಹೊತ್ತಿಗೆ ಸರಿಯಾಗಿ ಬರುತ್ತದೆ ಎಂದು ನಮ್ಮಿಂದ ಬರೆಸಿದರು. "ಸರಿಯಾಗಿ ಬಂದ ದಿನ ಮೇಲೆ ಬರಿ. ಒಟ್ಟು ನೋಡಿದ ದಿನ ಕೆಳಗೆ ಬರಿ. ಆಯ್ತಲ್ಲ, ಬಸ್ಸಿನ ಜಾತಕ" ಎಂದರು. ಮೊದಲ ಹದಿನೈದು ದಿನದಲ್ಲಿ ಎರಡು ದಿನ ಸರಿಯಾಗಿ ಬಂತು. ಆಮೇಲೆ ಡ್ರೈವರಣ್ಣ ಬೇಲಿಯ ಪಕ್ಕ ಸ್ಲೇಟು ಹಿಡಿದು ನಿಂತ ನಮ್ಮನ್ನು ನೋಡಿ, ಬಸ್ಸು ನಿಲ್ಲಿಸಿ, "ಎಂಥ ಮಾರಾಯ, ಬರಿಯುದು? ಯಾರು ಹೇಳಿದ್ದು ಬರಿಲಿಕ್ಕೆ?" ಎಂದು ವಿಚಾರಿಸಿದರು. ಮರುದಿನದಿಂದ ಬಸ್ಸು ಗಡಿಯಾರದ ಹಾಗೆ ಬರತೊಡಗಿತು. ಊರಿಗೆಲ್ಲ ಖುಷಿ. ಮೇಷ್ಟ್ರು ಮಾತ್ರ ತಲೆ ಚಚ್ಚಿಕೊಂಡರು. "ಲೆಕ್ಕ ಹಾಳಾಯ್ತಲ್ಲ! ಎಣಿಸೋದು ಅವನಿಗೆ ಗೊತ್ತಾಗಬಾರದಿತ್ತು."

ಅವ್ವ ಅಡುಗೆಮನೆಯಲ್ಲಿ ಆ ಕಾಗದವನ್ನು ಡಬ್ಬಿಯಿಂದ ತೆಗೆದು, ಓದಲು ಬಾರದಿದ್ದರೂ ನೋಡಿ, ಮಡಿಸಿ ಒಳಗಿಡುವುದನ್ನು ನಾನು ಕಂಡೆ. ಅಜ್ಜಿಯ ಬೀಜಗಳ ಜಾತಕ ಬರೆಯಬೇಕು ಎಂದು ನನಗೆ ಹೊಳೆದದ್ದು ಆಗ.

ಮೊದಲು ಕಣದಲ್ಲಿ ಹಕ್ಕಿ, ಕೋಳಿ, ಕರು ಓಡಿಸುತ್ತಾ ಕೂತಾಗ ಅಲ್ಲೇ ಸಿಕ್ಕ ನಾಲ್ಕು ಬೀಜ ಸುಲಿದು, ಸಗಣಿ ಸಾರಿಸಿದ ನೆಲದ ಮೇಲೆ ನೂರು ಸಲ ಹಾಕಿದೆ. ಅಷ್ಟರಲ್ಲಿ ಕರು ಬಂದು ಒಂದು ಮೊರದಷ್ಟು ಕಾಫಿ ತುಳಿದು ಹೋಯಿತು, ನನಗೆ ಬೈಗುಳವಾಯಿತು. ನೂರರ ಪಟ್ಟಿಯನ್ನು ಸ್ಲೇಟಿನಲ್ಲಿ ಬರೆದು, ಕಣದಲ್ಲಿ ಹಾಕಿದ್ದು, ಅಜ್ಜಿ ಬೀಜದ ಜಾತಕ ಎಂದು ಹೆಮ್ಮೆಯಿಂದ ಮೇಷ್ಟ್ರಿಗೆ ತೋರಿಸಿದೆ. ಯಾಕೆ ಏನು ಎಂದು ಅವರು ಕೇಳಲಿಲ್ಲ. "ನಿಮ್ಮಜ್ಜಿ ಹಾಕೋದು ಕಣದ ನೆಲದ ಮೇಲಾ? ಈ ಬೀಜಾನಾ?" ಎಂದು ಮಾತ್ರ ಕೇಳಿದರು. ಅಲ್ಲ, ಗೋಣಿತಾಟಿನ ಮೇಲೆ, ಬೇರೆ ಬೀಜ ಎಂದೆ. "ಹಾಗಾದ್ರೆ ಇದು ಕಣದ ಜಾತಕ. ನಿನಗೆ ಬೇಕಾದ್ದು ಆ ತಾಟಿಂದು" ಎಂದು ಸ್ಲೇಟನ್ನು ತಾವೇ ಒರೆಸಿ ಕೊಟ್ಟರು. ನೂರು ಸಲದ ಶ್ರಮ ಒಂದೇ ಉಜ್ಜಿಗೆ ಹೋಯಿತು. ಆ ಕ್ಷಣಕ್ಕೆ ಅವರ ಮೇಲೆ ಬಂದ ಸಿಟ್ಟು ಇನ್ನೂ ನೆನಪಿದೆ. ಆಮೇಲೆ ಮೂವತ್ತು ವರ್ಷ ನಾನೂ ಅದನ್ನೇ ಮಾಡಿದೆ ಎನ್ನುವುದು ಬೇರೆ ಮಾತು.

ಅಜ್ಜಿಯ ಬೀಜ, ಅಜ್ಜಿಯ ತಾಟು, ಅಜ್ಜಿಯ ಕೈ. ಇವು ಮೂರೂ ಸಿಗುವುದು ಆಟದಲ್ಲಿ ಮಾತ್ರ. ಅಂದಿನಿಂದ ನಾನು ಶಾಲೆಯಿಂದ ಓಡಿ ಬಂದು, "ಅಜ್ಜಿ, ಒಂದಾಟ ಆಡಾಣ ಬಾ" ಎಂದು ಗಂಟುಬಿದ್ದೆ. ರಜೆಯ ದಿನವಂತೂ ಊಟ ಮುಗಿದ ಕೂಡಲೇ. ಜಗಲಿಯಿಂದ ಕಣ ಕಾಣುತ್ತಿತ್ತು, ಅಜ್ಜಿ ಒಂದು ಕಣ್ಣು ಕಾಫಿಯ ಮೇಲೆ, ಒಂದು ಕಣ್ಣು ಆಟದ ಮನೆಗಳ ಮೇಲೆ ಇಟ್ಟು ಆಡುತ್ತಿದ್ದಳು. ಆಟದಲ್ಲಿ ಅವಳಿಗೆ ಮೊಮ್ಮಗಳೆಂಬ ದಯೆ ಇರಲಿಲ್ಲ. ನನ್ನ ಕಾಯಿ ಹಣ್ಣಾಗಲು ಒಂದೇ ಮನೆ ಬಾಕಿಯಿರುವಾಗ ಕಡಿದು, "ಹೋಗು, ಮೊದ್ಲಿಂದ ಬಾ" ಎಂದು ಹಲ್ಲಿಲ್ಲದ ಬಾಯಿ ತುಂಬ ನಗುತ್ತಿದ್ದಳು. ನಾನು ಸೋತು ಸೋತು ಹಾಳಾದೆ. ಗರಗಳನ್ನು ನೆನಪಿಟ್ಟುಕೊಳ್ಳುವುದರಲ್ಲಿ ಕಾಯಿ ನಡೆಸುವುದೇ ಮರೆಯುತ್ತಿತ್ತು. "ಈ ಕೂಸಿಗೆ ಮಂಡೆ ಒಸಿ ಕಮ್ಮಿ ಕಣೋ" ಎಂದು ಅಪ್ಪಯ್ಯನ ಹತ್ತಿರ ಹೇಳಿದಳಂತೆ.

ಅವಳು ಹತ್ತು ಸಲ ಹಾಕಿದ ಕೂಡಲೇ ನಾನು ನೀರು ಕುಡಿಯುವ ನೆಪದಲ್ಲಿ ಒಳಗೆ ಓಡಿ, ಕಣಜದ ಹಿಂದಿನ ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಹಾಕುತ್ತಿದ್ದೆ. ಐದು ಕಂಬ. ಒಂದಕ್ಕೆ ಒಂದು, ಎರಡಕ್ಕೆ ಒಂದು, ಹೀಗೆ ಬಾರದವರೆಗೆ. ನಾನು ಇಷ್ಟೊಂದು ನೀರು ಕುಡಿಯುವುದನ್ನು ನೋಡಿ ಅಜ್ಜಿ ನನಗೆ ಮೈ ಉಷ್ಣವಾಗಿದೆ ಎಂದು ತೀರ್ಮಾನಿಸಿ ಮೆಂತ್ಯ ನೆನೆಹಾಕಿ ಕುಡಿಸಿದಳು. ಸತ್ಯಶೋಧನೆಗಾಗಿ ನಾನು ಕುಡಿದ ಮೆಂತ್ಯಕ್ಕೆ ಲೆಕ್ಕವಿಲ್ಲ.

ಶಿವರಾತ್ರಿಗೆ ವಾರವಿರುವಾಗ ಅವ್ವ ಗೋಡೆಗೆ ಸುಣ್ಣ ಬಳಿಯಲು ಕಣಜದ ಹಿಂದೆ ಹೋದಳು. "ಪುಟ್ಟೀ! ಏನೇ ಇದು ಗೋಡೆ ತುಂಬ ಗೀಚಿ ಮಸಿ ಮಾಡಿದ್ದೀಯಾ?" ಎಂದು ಅವಳು ಕೂಗಿದ್ದಕ್ಕೆ ನಾನು ಓಡಿ ಹೋಗಿ ಬಾಯಿ ಮುಚ್ಚಿ, ಪಿಸುಮಾತಿನಲ್ಲಿ ಎಲ್ಲ ಹೇಳಿದೆ. ನಾನೂರು ಗೀಟು. ಒಂದು ಬಿದ್ದದ್ದು ನೂರ ನಲವತ್ತೊಂದು ಸಲ, ಎರಡು ನೂರ ಮೂವತ್ತೇಳು ಸಲ, ಮೂರು ಅರವತ್ತೆರಡು, ಬಾರ ನಲವತ್ತೊಂಬತ್ತು. ಚೌಕ ಹನ್ನೊಂದೇ ಹನ್ನೊಂದು.

ಅವ್ವನಿಗೆ ಅಂಕಿ ಬೇಕಾಗಲಿಲ್ಲ. ಗೋಡೆಯ ಮೇಲೆ ಎರಡು ಕಂಬ ಅವಳ ಭುಜದವರೆಗೆ ಏರಿದ್ದವು. ಚೌಕದ್ದು ನೆಲದಿಂದ ಅರ್ಧ ಗೇಣು. ಅವಳು ಬಗ್ಗಿ ಆ ಅರ್ಧ ಗೇಣಿನ ಮೇಲೆ ಕೈಯಿಟ್ಟಳು.

"ಆರು ವರ್ಷ ನಾನು ಇದನ್ನಾ ಕೇಳಿದ್ದು?"

"ಹೂಂ ಕಣವ್ವ. ಬಾರ ಸೇರಿಸಿದ್ರೂ ನೂರಕ್ಕೆ ಹದಿನೈದು. ಒಂದು, ಎರಡು ಅಂತ ಕೇಳಿದ್ರೆ ನೂರಕ್ಕೆ ಎಪ್ಪತ್ತು."

"ಎಪ್ಪತ್ತು ಅಂದ್ರೆ ಬಿದ್ದೇ ಬೀಳ್ತದಾ?"

ಅವಳ ಮುಖ ನೋಡಿ ನಾನು ಬಿದ್ದೇ ಬೀಳ್ತದೆ ಎಂದುಬಿಟ್ಟೆ. ಜೀವಮಾನದಲ್ಲಿ ಲೆಕ್ಕದ ವಿಷಯದಲ್ಲಿ ಹೇಳಿದ ಸುಳ್ಳು ಅದೊಂದೇ. ಅವ್ವ ಅಲ್ಲೇ ನಿಂತು ನಗತೊಡಗಿದಳು. ಸೆರಗು ಬಾಯಿಗೆ ತುರುಕಿಕೊಂಡು, ಸದ್ದು ಬಾರದಂತೆ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ನನ್ನ ಗೀಟುಗಳ ಮೇಲೆಲ್ಲ ಚೆನ್ನಾಗಿ ಸುಣ್ಣ ಬಳಿದಳು.

ಕೇಳಿಕೆಯ ದಿನ ಮಧ್ಯಾಹ್ನ ಅಜ್ಜಿ ತಾಟು ಹಾಸಿ ಕೂತಳು. ಅಪ್ಪಯ್ಯ ಕಂಬಕ್ಕೆ ಒರಗಿ ನಿಂತರು. ಅವ್ವ ಎದುರಿಗೆ ಕೂತು ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಚೌಕ, ಬಾರ ತಾನೆ?" ಎಂದು ಅಜ್ಜಿ ಆಗಲೇ ಬೀಜ ಕುಲುಕುತ್ತಿದ್ದಳು.

"ಅಲ್ಲ ಅತ್ತೆ. ಒಂದು, ಎರಡು."

ಅಜ್ಜಿಯ ಕೈ ನಿಂತಿತು. ಅಪ್ಪಯ್ಯ ಗೊಳ್ಳೆಂದು ನಕ್ಕು, "ಥೂ, ಯಾರಾದ್ರೂ ಒಂದು, ಎರಡು ಕೇಳ್ತಾರೇನೇ? ಕೇಳೋದಾದ್ರೆ ಒಸಿ ದೊಡ್ಡದು ಕೇಳು" ಎಂದರು. ಅಜ್ಜಿ ನಗಲಿಲ್ಲ. ಅವ್ವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ನಾನು ಕಣದಲ್ಲಿ ಇಲ್ಲದ ಕೋಳಿಯನ್ನು ಹುಶ್ ಎಂದು ಓಡಿಸಿದೆ.

"ಇನ್ನೊಂದು ಸಲ ಹೇಳು" ಎಂದಳು ಅಜ್ಜಿ.

"ಒಂದು. ಎರಡು" ಎಂದಳು ಅವ್ವ. ಕಣ್ಣು ಕೆಳಗಿಳಿಸಲಿಲ್ಲ.

ಅಜ್ಜಿ ಬೀಜ ಹಾಕಿದಳು. ಒಂದು ಗೆರೆ. ಪಕ್ಕದಲ್ಲೇ ಇನ್ನೊಂದು ಗೆರೆ. ಮೂರನೆಯದು ಬೆನ್ನು ತೋರಿಸಿ ಮಲಗಿತು. ಇನ್ನೊಂದು ಬೆನ್ನು ಬಿದ್ದರೆ ಎರಡು. ನಾಲ್ಕನೆಯದು ತಾಟಿನ ಅಂಚಿಗೆ ಉರುಳಿ, ಒಂದು ನಾರಿಗೆ ತಾಗಿ, ಹೊರಳಿ, ಗೆರೆ ಮೇಲೆ ಮಾಡಿ ನಿಂತಿತು.

ಮೂರು.

ಇಂಥ ಹೊತ್ತಿನಲ್ಲಿ ನೂರಕ್ಕೆ ಎಪ್ಪತ್ತು ಎಂಬುದು ಏನು ಸಮಾಧಾನ ಹೇಳೀತು? ಉಳಿದ ಮೂವತ್ತು ಎಲ್ಲೋ ದೂರದವರಿಗೆ ಆಗುವುದು ಎಂದುಕೊಂಡಿದ್ದೆ. ಅವ್ವ ನನ್ನ ಕಡೆ ತಿರುಗಿ ನೋಡಲಿಲ್ಲ, ಅದೇ ನನಗೆ ಹೊಡೆದದ್ದಕ್ಕಿಂತ ಹೆಚ್ಚಾಯಿತು. ಬಿದ್ದೇ ಬೀಳ್ತದೆ ಎಂದ ನನ್ನ ನಾಲಿಗೆಯನ್ನು ಕಿತ್ತು ಹಾಕಬೇಕು ಅನ್ನಿಸಿತು. ಅಪ್ಪಯ್ಯನೂ ನಗು ನಿಲ್ಲಿಸಿ ಕಂಬದಿಂದ ಈಚೆ ಬಂದರು. ಅವ್ವ ಏಳಲು ನೆಲಕ್ಕೆ ಕೈಯೂರಿದಳು.

ಅಜ್ಜಿ ನಾಲ್ಕು ಬೀಜದ ಮೇಲೂ ಅಂಗೈ ಮುಚ್ಚಿದಳು. ಅವುಗಳನ್ನು ಗೋರಿ ಚೀಲಕ್ಕೆ ಹಾಕಿ, ದಾರ ಬಿಗಿದು, ಆಮೇಲೆ ಹೇಳಿದಳು.

"ಎರಡು ಬಿತ್ತು. ನಾಳೆ ಮೊದಲ್ನೇ ಬಸ್ಸಿಗೆ ಹೊರಡು. ಕೂಸನ್ನೂ ಕರ್ಕೊಂಡೋಗು. ಹಬ್ಬ ಮುಗೀತು ಅಂತ ಓಡಿ ಬರ್ಬ್ಯಾಡ, ಹದಿನೈದು ದಿನ ಇದ್ದು ಬಾ."

ಅಪ್ಪಯ್ಯ ಬಾಯಿ ತೆರೆದರು, ಅಜ್ಜಿ ನೋಡಿದಳು, ಮುಚ್ಚಿಕೊಂಡರು. ಅವ್ವ ಅಜ್ಜಿಯ ಕಾಲು ಮುಟ್ಟಿ ನಮಸ್ಕಾರ ಮಾಡಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಚಕ್ಕುಲಿ ಹಿಟ್ಟು ಕಲಸುವ ಸದ್ದು, ಅದರ ಜೊತೆಗೆ ಅವಳ ಬಾಯಲ್ಲಿ ನಾನು ಎಂದೂ ಕೇಳಿರದ ಒಂದು ಹಾಡು ಕೇಳಿಬಂತು.

ಸಂಜೆ ಬಿಸಿಲು ಇಳಿದ ಮೇಲೆ ನಾನೂ ಅಜ್ಜಿಯೂ ಕಾಫಿ ಗುಡ್ಡೆ ಮಾಡಲು ಕಣಕ್ಕೆ ಹೋದೆವು. ನನಗೆ ತಡೆಯಲಾಗಲಿಲ್ಲ.

"ಅಜ್ಜಿ, ಮೂರು ಬಿದ್ದಿತ್ತು."

"ಗೊತ್ತು. ನಂಗೇನು ಕುರುಡಾ?"

"ಮತ್ತೆ ಆರು ವರ್ಷ ಅವ್ವನ್ನ ಯಾಕೆ ಕಳಿಸ್ಲಿಲ್ಲ?"

"ಅವ್ಳು ಕೇಳಿದ್ದು ಬೀಳ್ಲಿಲ್ಲ" ಎಂದಳು ಅಜ್ಜಿ. ಈ ಉತ್ತರಕ್ಕಾಗಿ ನಾನು ಅವಳನ್ನು ಇವತ್ತಿಗೂ ಪೂರ್ತಿ ಕ್ಷಮಿಸಿಲ್ಲ. ಅವಳು ನಾಲ್ಕು ಸಲ ಕಾಫಿ ಎಳೆದು, ಸೊಂಟಕ್ಕೆ ಕೈಕೊಟ್ಟು ನಿಂತು, ಮುಂದುವರಿಸಿದಳು. "ಈ ಮನೇಲಿ ಒಂದು, ಎರಡು ಅಂತ ಕೇಳಿದೋರಲ್ಲಿ ನಿಮ್ಮವ್ವ ಎರಡನೇಯೋಳು."

"ಮೊದಲ್ನೆಯವಳು ಯಾರು?"

"ನಮ್ಮಪ್ಪ ಹಾಸಿಗೆ ಹಿಡಿದು ಮಲಗಿದ್ದಾನೆ ಅಂತ ತವರಿಂದ ಹೇಳಿ ಕಳಿಸಿದ್ರು. ನಂಗೆ ಬರೆಯೋಕೆ ಬರ್ತಿರ್ಲಿಲ್ಲ. ಆಟ ಆಡ್ತಾ ಆಡ್ತಾ ಒಂದೊಂದು ಗರಕ್ಕೂ ಒಂದೊಂದು ಭತ್ತ ಮಡಕೇಲಿ ಹಾಕಿ ಎಣಿಸ್ದೆ. ಐದು ಮಡಕೆ. ಒಂದೂವರೆ ತಿಂಗಳು."

"ಆಮೇಲೆ? ಏನ್ ಬಿತ್ತಜ್ಜಿ?"

"ಮೂರು. ನಮ್ಮಪ್ಪನ ಮುಖ ಮತ್ತೆ ನೋಡ್ಲಿಲ್ಲ."

ಅವಳು ಗೋಣಿ ಎಳೆದು ಗುಡ್ಡೆಯ ಮೇಲೆ ಹೊದಿಸಿದಳು. ಆ ಕಡೆಯ ತುದಿ ಹಿಡಿ ಎಂದು ನನಗೆ ಕೈಸನ್ನೆ ಮಾಡಿದಳು. ನಾನು ಹಿಡಿದೆ.

"ನಮ್ಮತ್ತೆ ಕಣ್ಣು ಬಲು ಚುರುಕು ಕಣೆ" ಎಂದಳು.